ಸಲಾಯಿನ್ ಅಲ್ಲದ ಸಲಾಯಿನ್

ಮುಂಬಯಿಯ ಯಾವುದಾದರೂ ದೊಡ್ಡ ಆಸ್ಪತ್ರೆಯ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಹೊರಗಿನ ಬೆಂಚಿನ ಮೇಲೆ ಅರ್ಧ ಗಂಟೆ ಕೂತರೆ ಕನ್ನಡ ಕಿವಿಗೆ ಬೀಳುತ್ತದೆ. ಡೊಂಬಿವಲಿಯಲ್ಲಿ ನೆಲೆಸಿದ ಕರಾವಳಿಯವರದು, ಕಟ್ಟಡದ ಕೆಲಸಕ್ಕೆ ಬಂದ ಕಲಬುರಗಿ, ಯಾದಗಿರಿ ಕಡೆಯವರದು. ಪುಣೆಯಲ್ಲೂ ಹಾಗೇ, ಗೋವಾದಲ್ಲೂ ಹಾಗೇ. ಊರು ಬೇರೆಯಾದರೂ ಮಾತು ಬಹುತೇಕ ಒಂದೇ: “ಕೂಸಿನ್ನ ಪೇಟ್ಯಾಗ ಇಟ್ಟಾರ, ಬರೇ ಸಲಾಯಿನ್ ಮ್ಯಾಲ ಅದ.” ಅದರ ಬೆನ್ನಿಗೇ ಅಜ್ಜಿಯ ಪ್ರಶ್ನೆ: “ಸಿಸ್ಟರ್, ಬರೇ ಸಲಾಯಿನ್ ಮ್ಯಾಲ ಕೂಸು ಹೆಂಗ ಬೆಳೀತದ್ರೀ?”

ಬೆಳೆಯುವುದಿಲ್ಲ. ಅಜ್ಜಿಯ ಅನುಮಾನ ಸರಿಯಾಗಿಯೇ ಇದೆ. ಒಂದು ಕಿಲೋ ತೂಕದ, ದಿನ ತುಂಬದ ಮಗುವಿಗೆ ಬರೀ ಗ್ಲೂಕೋಸ್ ನೀರು ಹಚ್ಚಿ ಕೂತರೆ ಅದು ದಿನಕ್ಕೆ ಹತ್ತಿರಹತ್ತಿರ 1 ಗ್ರಾಂ ಪ್ರೋಟೀನನ್ನು ತನ್ನ ಮೈಯಿಂದಲೇ ಕರಗಿಸಿಕೊಳ್ಳುತ್ತದೆ. ಅದಕ್ಕೇ ಆ ಪೇಟಿಯ, ಅಂದರೆ ಇನ್ಕ್ಯುಬೇಟರಿನ, ಪಕ್ಕ ತೂಗುವ ಹಳದಿ ದ್ರವ ಸಲಾಯಿನ್ ಅಲ್ಲ, ಊಟ. ಅಮೈನೋ ಆಮ್ಲ, ಗ್ಲೂಕೋಸ್, ಉಪ್ಪುಗಳು, ಕ್ಯಾಲ್ಸಿಯಂ, ರಂಜಕ, ವಿಟಮಿನ್ ಎಲ್ಲ ಅದರಲ್ಲಿವೆ. ಹಳದಿ ಬಂದದ್ದು ವಿಟಮಿನ್ನಿನಿಂದ. ಪಕ್ಕದ ಚಿಕ್ಕ ಸಿರಿಂಜಿನಲ್ಲಿ ಹಾಲಿನಂತೆ ಬೆಳ್ಳಗಿರುವುದು ಲಿಪಿಡ್, ಅಂದರೆ ಎಣ್ಣೆ. ಎಲ್ಲ ಸೇರಿ ಟಿಪಿಎನ್. ಹೊಟ್ಟೆಯನ್ನು ಬಿಟ್ಟು ನೇರ ರಕ್ತನಾಳಕ್ಕೆ ಬಡಿಸುವ ಊಟ ಅದು.

ಅಮೆರಿಕದ ಶಸ್ತ್ರವೈದ್ಯ ಸ್ಟ್ಯಾನ್ಲಿ ಡಡ್ರಿಕ್ ಮತ್ತು ಜೊತೆಗಾರರು ಮೊದಲು ನಾಯಿಮರಿಗಳನ್ನು ಹೀಗೆ ಬೆಳೆಸಿ ತೋರಿಸಿದರು. ಕರುಳು ಮುಚ್ಚಿಕೊಂಡೇ ಹುಟ್ಟಿದ ಒಂದು ಹಸುಗೂಸನ್ನು ಇದೇ ರೀತಿ ಬೆಳೆಸಿದ ವರದಿ 1968ರಲ್ಲಿ ಬಂತು. ಅದಾಗಿ ಮೂರೇ ವರ್ಷಕ್ಕೆ, 1971ರಲ್ಲಿ, ಟಿಪಿಎನ್ ಮೇಲಿದ್ದ ಅವಧಿಪೂರ್ವ ಮಗುವೊಂದರ ಲಿವರಿನಲ್ಲಿ ಪಿತ್ತ ಕಟ್ಟಿಕೊಂಡದ್ದು ವರದಿಯಾಯಿತು. ಊಟ ಶುರುವಾದ ಹೊತ್ತಿಗೇ ದೂರೂ ಶುರುವಾಯಿತು ಅನ್ನಿ.

ಆ ದೂರಿನ ಬಗ್ಗೆ ಮಾತಾಡುವಾಗ ಹೆಚ್ಚಿನವರು ಬೊಟ್ಟು ಮಾಡುವುದು ಬಾಟಲಿಯ ಕಡೆಗೆ. ಬಾಟಲಿಯದೂ ತಪ್ಪಿದೆ, ಅದಕ್ಕೆ ಬರೋಣ. ಆದರೆ ಲಿವರನ್ನು ಮೊದಲು ಕೆಡಿಸುವುದು ಖಾಲಿ ಹೊಟ್ಟೆ, ಆಮೇಲೆ ಸೋಂಕು ಹಿಡಿದ ಲೈನ್, ಅಂದರೆ ಈ ಊಟ ಹರಿಸಲು ರಕ್ತನಾಳದೊಳಗೆ ಇಟ್ಟ ನಳಿಕೆ. ಈ ಎರಡನ್ನು ಸರಿ ಮಾಡದೆ ಎಣ್ಣೆಯ ಬ್ರ್ಯಾಂಡ್ ಬದಲಿಸುತ್ತ ಕೂರುವ ವಾರ್ಡುಗಳು ಕಡಿಮೆಯಿಲ್ಲ.

ಸೇದುವ ಬಾವಿಯ ನೀರು ತಿಳಿಯಾಗಿರುತ್ತದೆ, ಸೇದದ ಬಾವಿ ಪಾಚಿಗಟ್ಟುತ್ತದೆ. ಪಿತ್ತರಸದ್ದೂ ಅದೇ ಪಾಡು. ಕರುಳಿಗೆ ಹಾಲು ಬಿದ್ದಾಗ ಸಿಸಿಕೆ ಎಂಬ ಹಾರ್ಮೋನು ಹೊರಟು ಪಿತ್ತಕೋಶವನ್ನು ಹಿಂಡುತ್ತದೆ. ಪಿತ್ತರಸ ಕರುಳಿಗೆ ಇಳಿದು, ಕೊನೆಯ ಭಾಗದಲ್ಲಿ ಮತ್ತೆ ಹೀರಲ್ಪಡುತ್ತದೆ. ಅಲ್ಲಿಂದ ಎಫ್‌ಜಿಎಫ್-19 ಎಂಬ ಸಂದೇಶ ಲಿವರಿಗೆ ಹೋಗುತ್ತದೆ: ಸಾಕು, ಇನ್ನಷ್ಟು ಪಿತ್ತಾಮ್ಲ ಮಾಡಬೇಡ. ಹಾಲೇ ಬೀಳದಿದ್ದರೆ ಹಿಂಡುವವರೂ ಇಲ್ಲ, ಸಾಕು ಅನ್ನುವವರೂ ಇಲ್ಲ. ಲಿವರ್ ಪಿತ್ತ ಮಾಡುತ್ತಲೇ ಇರುತ್ತದೆ, ಅದು ನಿಂತಲ್ಲೇ ನಿಂತು ಗಟ್ಟಿಯಾಗುತ್ತದೆ. ಜೊತೆಗೆ ಉಪವಾಸದ ಕರುಳಿನ ಗೋಡೆ ತೆಳುವಾಗುತ್ತದೆ. ಅಲ್ಲಿನ ಬ್ಯಾಕ್ಟೀರಿಯಾದ ವಿಷ ರಕ್ತದ ಮೂಲಕ ನೇರ ಲಿವರಿಗೆ ತಲುಪುತ್ತದೆ. ಲೈನಿನಲ್ಲಿ ಸೋಂಕಾದರೂ ಅದೇ ಪೆಟ್ಟು. ಕ್ಲೆಬ್ಸಿಯೆಲ್ಲಾ, ಅಸಿನೆಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳು ನಮ್ಮ ಎನ್‌ಐಸಿಯುಗಳ ಹಳೇ ಶತ್ರುಗಳು. ಅವುಗಳ ವಿಷ, ಎಂಡೋಟಾಕ್ಸಿನ್, ಲಿವರ್ ಜೀವಕೋಶಗಳಿಂದ ಪಿತ್ತವನ್ನು ಹೊರಗೆ ತಳ್ಳುವ ಪಂಪುಗಳನ್ನೇ ಮಂಕಾಗಿಸುತ್ತದೆ. ಒಂದು ಸೆಪ್ಸಿಸ್ (ರಕ್ತಕ್ಕೆ ಹರಡಿದ ಸೋಂಕು) ಆದ ವಾರದಲ್ಲಿ ಡೈರೆಕ್ಟ್ ಬಿಲಿರುಬಿನ್, ಅಂದರೆ ಲಿವರ್ ಸಂಸ್ಕರಿಸಿದರೂ ಪಿತ್ತದಲ್ಲಿ ಹೊರಹೋಗದೆ ರಕ್ತದಲ್ಲಿ ಉಳಿದ ಹಳದಿ ಬಣ್ಣ, ಜಿಗಿಯುವುದು ಇದಕ್ಕೇ.

ಆದ್ದರಿಂದ ಲಿವರಿಗೆ ಮೊದಲ ಮದ್ದು ತಾಯಿಯ ಹಾಲು, ಅದೂ ತೊಟ್ಟು ತೊಟ್ಟಾಗಿ. ದಿನಕ್ಕೆ ಕಿಲೋಗೆ 10ರಿಂದ 20 ಮಿ.ಲೀ. ಕೊಟ್ಟರೆ ಹೊಟ್ಟೆ ತುಂಬುವುದಿಲ್ಲ, ಆದರೆ ಬಾವಿ ಸೇದಿದಂತಾಗುತ್ತದೆ. ಮಗು ಸ್ಥಿರವಾಗಿದ್ದರೆ ಇದನ್ನು ಮೊದಲ ದಿನವೇ ಶುರು ಮಾಡಬಹುದು. ಆಮೇಲೆ ದಿನಕ್ಕೆ ಕಿಲೋಗೆ 20ರಿಂದ 30 ಮಿ.ಲೀ.ನಂತೆ ಏರಿಸುತ್ತ ಹೋಗಿ, 100–120 ಮಿ.ಲೀ. ಮುಟ್ಟಿದಾಗ ಟಿಪಿಎನ್ ನಿಲ್ಲಿಸಿ ಲೈನ್ ತೆಗೆಯುವುದು. ಇಲ್ಲಿ ಅಡ್ಡಗಾಲು ಹಾಕುವುದು ಅತಿಯಾದ ಭಯ. ಮೂಗಿನ ನಳಿಕೆಯಿಂದ ಎಳೆದಾಗ ಒಂದೆರಡು ಮಿ.ಲೀ. ಅರೆಜೀರ್ಣ ಹಾಲು ಬಂತೆಂದು ಇಡೀ ದಿನ ಫೀಡ್ ನಿಲ್ಲಿಸಿಬಿಡುತ್ತಾರೆ. ಹೊಟ್ಟೆ ಮೆತ್ತಗಿದ್ದು, ಮಗು ಚುರುಕಾಗಿದ್ದರೆ ಅದು ನಿಲ್ಲಿಸಲು ಕಾರಣವೇ ಅಲ್ಲ. ಹಸಿರು ಬಂದರೆ, ರಕ್ತ ಬಂದರೆ, ಹೊಟ್ಟೆ ಬಿಗಿದು ಉಬ್ಬಿದರೆ ನಿಲ್ಲಿಸಿ, ಎಕ್ಸ್‌ರೇ ತೆಗೆಸಿ. ಸುಮ್ಮಸುಮ್ಮನೆ ನಿಲ್ಲಿಸಿದ ಒಂದೊಂದು ದಿನವೂ ಲೈನಿನ ಲೆಕ್ಕಕ್ಕೆ ಸೇರುತ್ತದೆ.

ಹಾಲು ತರುವುದೇ ಈ ಊರಲ್ಲಿ ಒಂದು ಯಾತ್ರೆ. ತಾಯಿ ಡಿಸ್ಚಾರ್ಜ್ ಆಗಿ ಡೊಂಬಿವಲಿಯಲ್ಲಿ, ಕೂಸು ಪರೇಲಿನಲ್ಲಿ. ಹಾಲು ಹಿಂಡುವುದನ್ನು ದಿನಕ್ಕೆ 8 ಸಲ, ಅದರಲ್ಲಿ ಒಂದು ಸಲವಾದರೂ ನಡುರಾತ್ರಿಯಲ್ಲಿ ಮಾಡಲೇಬೇಕು. ಮೊದಲ ಎರಡು ವಾರ ಇದು ತಪ್ಪಿದರೆ ಆಮೇಲೆ ಎಷ್ಟು ಮೆಂತ್ಯ, ಸಬ್ಬಸಿಗೆ ತಿಂದರೂ ಹಾಲು ಏರುವುದು ಕಷ್ಟ. ಹಿಂಡಿದ ಹಾಲು ತಂಪಾದ ಕೋಣೆಯಲ್ಲಿ 4 ಗಂಟೆ ತಡೆಯುತ್ತದೆ ಎನ್ನುವ ಲೆಕ್ಕ ಸುಮಾರು 25 ಡಿಗ್ರಿಯದು, ಮೇ ತಿಂಗಳ ಲೋಕಲ್ ರೈಲಿನ ಡಬ್ಬಿಯದಲ್ಲ. ಹಿಂಡಿದ ಕೂಡಲೇ ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್ಜಿನ ಒಳಗಿನ ಮೂಲೆಗೆ ಇಡಿ, ಬಾಗಿಲಿಗೆ ಬೇಡ. ಡಬ್ಬಿಯ ಮೇಲೆ ತಾಯಿಯ ಹೆಸರು, ತಾರೀಖು, ಹೊತ್ತು ಬರೆಯಿರಿ. ಪ್ರಯಾಣಕ್ಕೆ ಐಸ್ ಪ್ಯಾಕ್ ಇಟ್ಟ ಪುಟ್ಟ ಥರ್ಮಾಕೋಲ್ ಪೆಟ್ಟಿಗೆ ಸಾಕು. ಒಮ್ಮೆ ಹೆಪ್ಪುಗಟ್ಟಿ ಕರಗಿದ ಹಾಲನ್ನು ಮತ್ತೆ ಫ್ರೀಜರಿಗೆ ಹಾಕಬಾರದು.

ತಾಯಿಯ ಹಾಲು ಸಾಲದಿದ್ದರೆ ಮುಂದಿನದು ದಾನಿ ತಾಯಂದಿರ ಹಾಲು, ಡಬ್ಬಿ ಪುಡಿ ಅಲ್ಲ. ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್ ಶುರುವಾದದ್ದು ಮುಂಬಯಿಯಲ್ಲೇ, 1989ರಲ್ಲಿ, ಸಯನ್ ಆಸ್ಪತ್ರೆಯಲ್ಲಿ. ಅದನ್ನು ಕಟ್ಟಿದವರು ಡಾ. ಅರ್ಮಿಡಾ ಫರ್ನಾಂಡಿಸ್. ದಾನದ ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ, ಕಲ್ಚರ್ ಪರೀಕ್ಷೆ (ಬ್ಯಾಕ್ಟೀರಿಯಾ ಇದೆಯೇ ಎಂದು ನೋಡುವುದು) ಮಾಡಿ ಕೊಡುತ್ತಾರೆ. “ಬ್ಯಾರೆಯವರ ಹಾಲು ಬ್ಯಾಡ” ಎನ್ನುವ ಹಿರಿಯರಿಗೆ ಇಷ್ಟು ಹೇಳಿದರೆ ಬಹುತೇಕ ಒಪ್ಪುತ್ತಾರೆ.

ಈಗ ಬಾಟಲಿಗೆ ಬರೋಣ. ಲೆಕ್ಕ ಹಾಕಿ ನೋಡಿದರೆ ತಪ್ಪು ಎಲ್ಲೆಲ್ಲಿ ಆಗುತ್ತದೆ ಎಂದು ಕಾಣುತ್ತದೆ. 1 ಕಿಲೋ ಮಗು, ಹುಟ್ಟಿ ಐದಾರು ದಿನ, ಒಟ್ಟು ದ್ರವ 140 ಮಿ.ಲೀ. ಅನ್ನಿ. ಎರಡು ಗಂಟೆಗೊಮ್ಮೆ 2 ಮಿ.ಲೀ. ಹಾಲು, ಅಂದರೆ 24 ಮಿ.ಲೀ. ಔಷಧಿ ಮತ್ತು ಲೈನ್ ತೊಳೆಯಲು 8 (ಇದನ್ನು ಮರೆಯುವವರೇ ಹೆಚ್ಚು). ಲಿಪಿಡ್ 3 ಗ್ರಾಂ ಬೇಕಾದರೆ 20% ದ್ರಾವಣ 15 ಮಿ.ಲೀ. ಉಳಿದದ್ದು 93 ಮಿ.ಲೀ. ಆ 93ರೊಳಗೆ 10% ಅಮೈನೋ ಆಮ್ಲ 35 ಮಿ.ಲೀ., ಅಂದರೆ 3.5 ಗ್ರಾಂ. ಗ್ಲೂಕೋಸ್ ನಿಮಿಷಕ್ಕೆ ಕಿಲೋಗೆ 7 ಮಿ.ಗ್ರಾಂ.ನಂತೆ ದಿನಕ್ಕೆ 10 ಗ್ರಾಂ, ಅದಕ್ಕೆ 50% ಡೆಕ್ಸ್‌ಟ್ರೋಸ್ 20 ಮಿ.ಲೀ. ರಂಜಕಕ್ಕೆ ಸೋಡಿಯಂ ಗ್ಲಿಸರೋಫಾಸ್ಫೇಟ್ 1 ಮಿ.ಲೀ., ಪೊಟ್ಯಾಸಿಯಂ ಕ್ಲೋರೈಡ್ 15%ದು 1 ಮಿ.ಲೀ., 10% ಕ್ಯಾಲ್ಸಿಯಂ ಗ್ಲೂಕೋನೇಟ್ 4 ಮಿ.ಲೀ. ಮಗುವಿಗೆ ಸೋಡಿಯಂ 3 ಮಿಲಿಈಕ್ವಿವಲೆಂಟ್ ಬೇಕಿದ್ದರೆ 3% ಸಲೈನ್ 6 ಮಿ.ಲೀ. ಬರೆಯಲು ಕೈ ಹೋಗುತ್ತದೆ. ತಡೆಯಿರಿ. ಆ ಗ್ಲಿಸರೋಫಾಸ್ಫೇಟಿನ ಒಂದೇ ಮಿ.ಲೀ.ನಲ್ಲಿ 2 ಆಗಲೇ ಬಂದಿದೆ. ಉಳಿದ 1ಕ್ಕೆ 3% ಸಲೈನ್ 2 ಮಿ.ಲೀ. ಸಾಕು. ವಿಟಮಿನ್, ಟ್ರೇಸ್ ಎಲಿಮೆಂಟ್ (ತಾಮ್ರ, ಮ್ಯಾಂಗನೀಸ್ ಮುಂತಾದ ಸೂಕ್ಷ್ಮ ಖನಿಜಗಳು) ಸೇರಿಸಿ, ಮಿಕ್ಕದ್ದು ಸ್ಟೆರೈಲ್ ನೀರು. ಹಾಲೂ ಸೇರಿ ಒಟ್ಟು ಸುಮಾರು 94 ಕಿಲೋಕ್ಯಾಲರಿ. ಈ ಅಂಕಿಗಳು ಲೆಕ್ಕದ ದಾರಿ ತೋರಿಸಲಿಕ್ಕೆ. ನಿಜವಾದ ಮಗುವಿಗೆ ದಿನದಿನದ ತೂಕ, ಸಕ್ಕರೆ, ಸೋಡಿಯಂ ನೋಡಿಯೇ ಬರೆಯಬೇಕು.

ಇದರಲ್ಲಿ ಗ್ಲೂಕೋಸ್ ಸುಮಾರು 10.8% ಆಯಿತು. “ಮಿತಿಯಾದ 12.5ಕ್ಕಿಂತ ಕಡಿಮೆ ಇದೆಯಲ್ಲ, ಕೈಯ ಸಣ್ಣ ನಾಳದಲ್ಲೇ ಬಿಡೋಣ” ಅಂದರೆ ಕೆಟ್ಟಿತು. ಅಮೈನೋ ಆಮ್ಲವೂ ಸೇರಿ ಈ ದ್ರವದ ಆಸ್ಮೊಲಾರಿಟಿ (ಗಾಢತೆಯ ಅಳತೆ) 1000 ದಾಟುತ್ತದೆ, ಕೈಕಾಲಿನ ನಾಳಕ್ಕೆ ಮಿತಿ 900ರ ಸುಮಾರು. ನಾಳ ಸುಟ್ಟು ಚರ್ಮ ಕಪ್ಪಾಗುತ್ತದೆ. ಇದಕ್ಕೆ ಪಿಕ್ ಲೈನ್ (ಕೈಕಾಲಿನ ನಾಳದಿಂದ ಹೃದಯದ ಹತ್ತಿರದ ದೊಡ್ಡ ನಾಳದವರೆಗೆ ತೂರಿಸುವ ನಳಿಕೆ) ಬೇಕು, ಅಥವಾ ಮೊದಲ ದಿನಗಳಲ್ಲಿ ಹೊಕ್ಕುಳಿನ ನಾಳದಿಂದ ಹಾಕುವ ಹೊಕ್ಕುಳ ಲೈನ್.

ಹೊಕ್ಕುಳ ಲೈನಿನದು ಲಿವರಿಗೆ ನೇರ ಸಂಬಂಧಪಟ್ಟ ಇನ್ನೊಂದು ಕತೆ. ಅದರ ತುದಿ ವಪೆಯ (ಎದೆ, ಹೊಟ್ಟೆಗಳ ನಡುವಿನ ಪರದೆ) ಮೇಲೆ, ಹೃದಯದ ಬಾಗಿಲಲ್ಲಿ ಇರಬೇಕು. ಎಕ್ಸ್‌ರೇಯಲ್ಲಿ ಎದೆಯ 8–9ನೇ ಮಣಿಯ ಎತ್ತರ. ಎಷ್ಟೋ ಸಲ ಅದು ದಾರಿ ತಪ್ಪಿ ಲಿವರಿನೊಳಗಿನ ಕವಲಿಗೆ ಹೊಕ್ಕು ಕೂರುತ್ತದೆ. ಆಗ ಇಷ್ಟು ಗಾಢ ದ್ರವ ಲಿವರಿನ ಮಾಂಸದೊಳಕ್ಕೇ ಸುರಿಯುತ್ತದೆ. ಇದ್ದಕ್ಕಿದ್ದಂತೆ ಹೊಟ್ಟೆ ಉಬ್ಬುತ್ತದೆ, ಹಿಮೋಗ್ಲೋಬಿನ್ ಇಳಿಯುತ್ತದೆ. ಹೊಟ್ಟೆಯಿಂದ ತೆಗೆದ ನೀರು ಹಾಲಿನಂತಿದ್ದು ಅದರಲ್ಲಿ ಸಕ್ಕರೆ, ಕೊಬ್ಬು ವಿಪರೀತ ಇದ್ದರೆ ಅದು ಟಿಪಿಎನ್ನೇ. ಮೊದಲ ದಿನ ಸರಿಯಾಗಿದ್ದ ತುದಿ ಹೊಕ್ಕುಳ ಒಣಗುತ್ತ ಬಂದಂತೆ ಸರಿದೂ ಬಿಡಬಹುದು. ಆದ್ದರಿಂದ ಒಂದೇ ಎಕ್ಸ್‌ರೇ ನಂಬಿ ವಾರ ಕಳೆಯುವುದು ಬೇಡ.

ಕಲಸುವ ಕೋಣೆಯದು ಒಂದೇ ಮಾತಿನಲ್ಲಿ ಮುಗಿಯುವುದಿಲ್ಲ, ಆದರೂ ಮುಖ್ಯವಾದದ್ದು: ರಂಜಕ ಮೊದಲು, ಕ್ಯಾಲ್ಸಿಯಂ ಕೊನೆಗೆ, ನಡುವೆ ಚೆನ್ನಾಗಿ ಅಲುಗಿಸುವುದು. ಎರಡನ್ನೂ ಒಂದರ ಬೆನ್ನಿಗೆ ಒಂದು ಹಾಕಿದರೆ ಸುಣ್ಣದ ಪುಡಿಯಂತೆ ತಳಕ್ಕೆ ಇಳಿಯುತ್ತದೆ. ಬೆಳ್ಳಗಿನ ಲಿಪಿಡ್ ಬೆರೆತ ಚೀಲದಲ್ಲಿ ಅದು ಕಣ್ಣಿಗೂ ಕಾಣದು. ಹೀಗೆ ಹರಳುಗಟ್ಟಿದ ದ್ರವದಿಂದ ಸಾವುಗಳಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1994ರಲ್ಲಿ ಎಚ್ಚರಿಕೆ ಹೊರಡಿಸಿತ್ತು. ಸಾವಯವ ರಂಜಕ (ಮೇಲಿನ ಲೆಕ್ಕದ ಗ್ಲಿಸರೋಫಾಸ್ಫೇಟ್) ಬಳಸಿದರೆ ಈ ಅಪಾಯ ಬಹಳ ಕಡಿಮೆ. ಜೊತೆಗೆ ಅಮೈನೋ–ಗ್ಲೂಕೋಸ್ ದಾರಿಗೆ 0.22 ಮೈಕ್ರಾನ್, ಲಿಪಿಡ್ ದಾರಿಗೆ 1.2 ಮೈಕ್ರಾನ್ ಫಿಲ್ಟರ್. ಲಿಪಿಡನ್ನು 0.22ರಲ್ಲಿ ಬಿಟ್ಟರೆ ಫಿಲ್ಟರ್ ಕಟ್ಟಿಕೊಂಡು ಪಂಪು ಕೂಗುತ್ತದೆ. ಗಾಜಿನ ಆಂಪೂಲಿನ ಕ್ಯಾಲ್ಸಿಯಂ ಗ್ಲೂಕೋನೇಟಿನಲ್ಲಿ ಅಲ್ಯೂಮಿನಿಯಂ ಹೆಚ್ಚು, ಪ್ಲಾಸ್ಟಿಕ್ ವಯಲ್ ಸಿಕ್ಕರೆ ಅದೇ ವಾಸಿ. ಉಳಿದ ಅರ್ಧ ಬಾಟಲಿ ಲಿಪಿಡನ್ನು ಫ್ರಿಜ್ಜಿನಲ್ಲಿಟ್ಟು ನಾಳೆ ಇನ್ನೊಂದು ಮಗುವಿಗೆ ಹಾಕುವ ಉಳಿತಾಯ ಮಾತ್ರ ಬೇಡವೇ ಬೇಡ. ಬ್ಯಾಕ್ಟೀರಿಯಾಕ್ಕೂ ಫಂಗಸ್ಸಿಗೂ ಅದಕ್ಕಿಂತ ಒಳ್ಳೆಯ ಹೊಲವಿಲ್ಲ.

ಬೆಳಕೂ ಶತ್ರುವೇ. ವಿಟಮಿನ್ ಮತ್ತು ಲಿಪಿಡ್ ಮೇಲೆ ಬೆಳಕು ಬಿದ್ದರೆ ಪೆರಾಕ್ಸೈಡ್ ಎಂಬ ವಿಷಕಾರಿ ವಸ್ತು ಹುಟ್ಟುತ್ತದೆ. ಎರಡು ವರ್ಷದೊಳಗಿನ ಮಕ್ಕಳ ಟಿಪಿಎನ್‌ಗೆ ಚೀಲದಿಂದ ನಳಿಕೆಯವರೆಗೆ ಬೆಳಕು ತಾಗಬಾರದು ಎಂದು ಯುರೋಪಿನ ಔಷಧ ಸಂಸ್ಥೆ 2019ರಲ್ಲಿ ಹೇಳಿತು. ಚೀಲಕ್ಕೆ ಕಪ್ಪು ಕವರ್ ಹಾಕಿ, ನಳಿಕೆಯನ್ನು ಫೋಟೋಥೆರಪಿಯ ನೀಲಿ ದೀಪದಡಿ ಬರಿದೇ ಬಿಟ್ಟರೆ ಅರ್ಧ ಕೆಲಸ ಮಾಡಿದಂತೆ.

ಇನ್ನು ಪಂಪು. ಮೇಲಿನ ಲೆಕ್ಕದಲ್ಲಿ ಗ್ಲೂಕೋಸ್ ದ್ರವ ಗಂಟೆಗೆ 3.9 ಮಿ.ಲೀ., ಲಿಪಿಡ್ ಗಂಟೆಗೆ 0.6. ಎರಡು ಸಿರಿಂಜ್ ಪಂಪ್ ಒಂದರ ಮೇಲೊಂದು, ರಾತ್ರಿ ಎರಡು ಗಂಟೆ. ಅಂಕಿ ಅದಲುಬದಲಾದರೆ ಇಡೀ ದಿನದ ಎಣ್ಣೆ ನಾಲ್ಕು ಗಂಟೆಯೊಳಗೆ ಮೈಗೆ ಇಳಿಯುತ್ತದೆ, ಇತ್ತ ಗ್ಲೂಕೋಸ್ ಆರರಲ್ಲಿ ಒಂದು ಪಾಲಿಗೆ ಬಿದ್ದು ಮಗುವಿನ ಸಕ್ಕರೆ ಇಳಿಯುತ್ತದೆ. ಇದು ಜಗತ್ತಿನ ಎಲ್ಲ ಎನ್‌ಐಸಿಯುಗಳಿಗೆ ಗೊತ್ತಿರುವ ತಪ್ಪು. ಲಿಪಿಡ್ ಪಂಪಿಗೆ ಬೇರೆ ಬಣ್ಣದ ಪಟ್ಟಿ, ಶುರು ಮಾಡುವಾಗ ಇಬ್ಬರ ಕಣ್ಣು. ಎಲ್ಲಕ್ಕಿಂತ ಮುಖ್ಯವಾಗಿ ಸಿರಿಂಜಿನಲ್ಲಿ ಆ ದಿನದ 15 ಮಿ.ಲೀ. ಮತ್ತು ನಳಿಕೆ ತುಂಬುವಷ್ಟು ಮಾತ್ರ ಇರಬೇಕು, 50 ತುಂಬಿಡಬಾರದು.

ಎಣ್ಣೆಯ ಜಾತಿಯ ವಿಚಾರ. ಸ್ವೀಡನ್ನಿನ ಅರ್ವಿಡ್ ವ್ರೆಟ್ಲಿಂಡ್ 1960ರ ದಶಕದ ಆರಂಭದಲ್ಲಿ ಕೊಟ್ಟ ಇಂಟ್ರಾಲಿಪಿಡ್ ಪೂರ್ತಿ ಸೋಯಾ ಎಣ್ಣೆ. ಅದರಲ್ಲಿ ಸಸ್ಯದ ಸ್ಟೆರಾಲ್‌ಗಳಿವೆ. ಹೊಟ್ಟೆಯ ಮೂಲಕ ಹೋದರೆ ಇವು ಬಹುಪಾಲು ಹೊರಗೇ ಉಳಿಯುತ್ತವೆ, ನಾಳದಲ್ಲಿ ಬಿಟ್ಟರೆ ಎಲ್ಲವೂ ಒಳಗೆ. ಅದರಲ್ಲಿ ಸ್ಟಿಗ್ಮಾಸ್ಟೆರಾಲ್ ಎಂಬುದು ಪಿತ್ತ ಹೊರಹಾಕುವ ವ್ಯವಸ್ಥೆಯ ಮುಖ್ಯ ಸ್ವಿಚ್ಚಾದ ಎಫ್‌ಎಕ್ಸ್‌ಆರ್ ಅನ್ನು ಅದುಮುತ್ತದೆ. ಎಸ್‌ಎಂಒಎಫ್ ಲಿಪಿಡಿನಲ್ಲಿ ಸೋಯಾ 30%, ಎಂಸಿಟಿ (ಮಧ್ಯಮ ಸರಪಳಿಯ ಕೊಬ್ಬು) 30%, ಆಲಿವ್ 25%, ಮೀನೆಣ್ಣೆ 15%. ಸ್ಟೆರಾಲ್ ಕಡಿಮೆ, ವಿಟಮಿನ್ ಇ ಹೆಚ್ಚು. ಪೂರ್ತಿ ಮೀನೆಣ್ಣೆಯ ಓಮೆಗಾವೆನ್ ಅನ್ನು ಬಾಸ್ಟನ್ನಿನ ಕ್ಯಾಥ್ಲೀನ್ ಗುರಾ, ಮಾರ್ಕ್ ಪುಡರ್ ಅವರ ತಂಡ ಹಸಿರುಗಟ್ಟಿದ ಲಿವರಿನ ಮಕ್ಕಳಲ್ಲಿ ಬಳಸಿ ತೋರಿಸಿತು, 2018ರಲ್ಲಿ ಎಫ್‌ಡಿಎ ಒಪ್ಪಿತು. ಅದು ಆಗಲೇ ಪಿತ್ತ ಕಟ್ಟಿದ ಮಗುವಿಗೆ, ದಿನಕ್ಕೆ ಕಿಲೋಗೆ 1 ಗ್ರಾಂ. ಎಲ್ಲರಿಗೂ ಮುಂಜಾಗ್ರತೆಗೆ ಅಲ್ಲ.

“ಎಣ್ಣೆಯನ್ನೇ ಕಡಿಮೆ ಮಾಡಿಬಿಡೋಣ” ಎನ್ನುವ ಸಲಹೆಗೂ ಮಿತಿಯಿದೆ. ಸೋಯಾ ಎಣ್ಣೆಯನ್ನು ದಿನಕ್ಕೆ ಕಿಲೋಗೆ 1 ಗ್ರಾಂಗೆ ಇಳಿಸಿದರೂ ಅಗತ್ಯದ ಕೊಬ್ಬಿನಾಮ್ಲ ಹೇಗೋ ಸಿಗುತ್ತದೆ. ಅದೇ ಇಳಿಕೆಯನ್ನು ಎಸ್‌ಎಂಒಎಫ್‌ನಲ್ಲಿ ಮಾಡಿದರೆ ಲಿನೋಲಿಕ್ ಆಮ್ಲ ಸಾಲದು, ಚರ್ಮ ಹೊಟ್ಟು ಏಳುತ್ತದೆ, ತೂಕ ನಿಲ್ಲುತ್ತದೆ. ಎಣ್ಣೆಯ ಕ್ಯಾಲರಿ ಹೋಯಿತೆಂದು ಗ್ಲೂಕೋಸನ್ನು ನಿಮಿಷಕ್ಕೆ ಕಿಲೋಗೆ 12 ಮಿ.ಗ್ರಾಂ. ಮೀರಿ ಏರಿಸಿದರೆ ಲಿವರ್ ಆ ಹೆಚ್ಚುವರಿಯನ್ನು ಕೊಬ್ಬು ಮಾಡಿ ತನ್ನೊಳಗೇ ತುಂಬಿಕೊಳ್ಳುತ್ತದೆ. ಅಲ್ಲಿಗೆ ಕತೆ ಇನ್ನೊಂದು ಬಾಗಿಲಿಂದ ಒಳಗೆ ಬಂದಂತೆ.

ಟಿಪಿಎನ್ ಎರಡು ವಾರ ದಾಟಿದರೆ ವಾರಕ್ಕೊಮ್ಮೆ ಡೈರೆಕ್ಟ್ ಬಿಲಿರುಬಿನ್ ನೋಡಲೇಬೇಕು. ಟೋಟಲ್ ಮಾತ್ರ ಬರೆದ ರಿಪೋರ್ಟಿನಿಂದ ಏನೂ ತಿಳಿಯದು. ಡೈರೆಕ್ಟ್ 1 ದಾಟಿದರೆ ಗಮನ, 2 ದಾಟಿ ನಿಂತರೆ ಲಿವರ್ ಪೆಟ್ಟು ತಿಂದಿದೆ ಎಂದೇ ಲೆಕ್ಕ. ಮ್ಯಾಂಗನೀಸ್ ಪಿತ್ತದಲ್ಲೇ ಹೊರಹೋಗಬೇಕಾದ್ದರಿಂದ ಅದನ್ನು ನಿಲ್ಲಿಸುತ್ತಾರೆ. ತಾಮ್ರವನ್ನು ಮಾತ್ರ ಪೂರ್ತಿ ತೆಗೆಯಬಾರದು, ರಕ್ತದ ಮಟ್ಟ ನೋಡಿ ಇಳಿಸಬೇಕು. ಪಿತ್ತ ಹರಿಯಲೆಂದು ಯುಡಿಸಿಎ ಸಿರಪ್ ಎಲ್ಲರೂ ಬರೆಯುತ್ತಾರೆ. ಅದು ಹೊಟ್ಟೆಯಿಂದಲೇ ಹೋಗಬೇಕು, ಅದರ ಮೇಲಿನ ಪುರಾವೆ ಗಟ್ಟಿಯಿಲ್ಲ. ಕೊಡುವುದಾದರೆ ಕೊಡಿ, ಅದನ್ನು ನೆಚ್ಚಿಕೊಂಡು ಹಾಲು ಏರಿಸುವುದನ್ನು ಮರೆಯಬೇಡಿ.

ಎಲ್ಲ ಡೈರೆಕ್ಟ್ ಕಾಮಾಲೆಯನ್ನೂ ಟಿಪಿಎನ್ ತಲೆಗೆ ಕಟ್ಟುವುದು ಇನ್ನೊಂದು ಅಪಾಯ. ಟಿಪಿಎನ್ ಮೇಲಿದ್ದ ಮಗುವಿಗೂ ಬಿಲಿಯರಿ ಅಟ್ರೇಸಿಯಾ, ಅಂದರೆ ಪಿತ್ತನಾಳವೇ ಮುಚ್ಚಿಹೋಗುವ ರೋಗ, ಇರಬಹುದು. ಜಪಾನಿನ ಮೊರಿಯೊ ಕಸಾಯಿ 1959ರಲ್ಲಿ ವರದಿ ಮಾಡಿದ ಶಸ್ತ್ರಕ್ರಿಯೆ ಸುಮಾರು 60 ದಿನದೊಳಗೆ ಆದರೆ ಫಲ ಹೆಚ್ಚು. “ಟಿಪಿಎನ್ ನಿಂತರೆ ಸರಿಹೋಗುತ್ತೆ” ಎಂದು ಕಾಯುತ್ತ ಆ 60 ದಿನ ಕಳೆದ ಮಕ್ಕಳಿದ್ದಾರೆ. ಗುಟ್ಟು ಮಲದ ಬಣ್ಣದಲ್ಲಿದೆ. ಟಿಪಿಎನ್ ಕಾಮಾಲೆಯಲ್ಲಿ ಬಣ್ಣ ಮಂಕಾದರೂ ಸಾಮಾನ್ಯವಾಗಿ ಹಳದಿ ಉಳಿದಿರುತ್ತದೆ. ದಿನವೂ ಸುಣ್ಣದಂತೆ, ಜೋಳದ ಹಿಟ್ಟು ಕಲಸಿದಂತೆ ಬೆಳ್ಳಗಿದ್ದರೆ ಕಾಯಬೇಡಿ. ತೈವಾನಿನಲ್ಲಿ 2004ರಿಂದ ದೇಶದಾದ್ಯಂತ ಪ್ರತಿ ತಾಯಿಯ ಕೈಗೂ ಮಲದ ಬಣ್ಣದ ಕಾರ್ಡು ಕೊಡುತ್ತಿದ್ದಾರೆ. ಹಸುಗೂಸಿನ ಮೂತ್ರಕ್ಕೆ ಬಣ್ಣವೇ ಇರಬಾರದು, ಲಂಗೋಟಿಗೆ ಹಳದಿ ಕಲೆ ಹಿಡಿದರೆ ಅದೂ ಸುಳಿವೇ.

ಲೈನ್ ತೆಗೆದು, ಪೂರ್ತಿ ಹಾಲಿಗೆ ಬಂದು, ಮನೆಗೆ ಹೋದ ಮೇಲೂ ಹಳದಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯುತ್ತದೆ. ಡೈರೆಕ್ಟ್ ಬಿಲಿರುಬಿನ್ ಎರಡು ವಾರಕ್ಕೊಮ್ಮೆ ನೋಡಿದಾಗ ಇಳಿಯುತ್ತಿದ್ದರೆ ಗಾಬರಿ ಬೇಡ. ಎ, ಡಿ, ಇ, ಕೆ ವಿಟಮಿನ್ ಡ್ರಾಪ್ಸ್ ಮಾತ್ರ ತಪ್ಪಿಸಬಾರದು. ಪಿತ್ತವಿಲ್ಲದೆ ಇವು ಮೈಗೆ ಹತ್ತುವುದಿಲ್ಲ, ಕೆ ಕಡಿಮೆಯಾದರೆ ತಲೆಯೊಳಗೇ ರಕ್ತಸ್ರಾವ ಆಗಬಹುದು. ಮನೆಯಲ್ಲಿ ಇದನ್ನು ಕಾಮಣಿ ಅನ್ನುತ್ತಾರೆ, ಪಕ್ಕದ ಮನೆಯವರು ಕಾವೀಳ ಅನ್ನುತ್ತಾರೆ, ಇಬ್ಬರೂ ಬೆಳಗಿನ ಬಿಸಿಲಿಗೆ ಹಿಡಿಯಿರಿ ಅನ್ನುತ್ತಾರೆ. ಈ ಹಳದಿಗೆ ಬಿಸಿಲಿನಿಂದ ಉಪಯೋಗವಿಲ್ಲ. ಬೆಳಕಿಗೆ ಕರಗುವುದು ಇಂಡೈರೆಕ್ಟ್ (ಲಿವರ್ ಇನ್ನೂ ಸಂಸ್ಕರಿಸದ) ಬಿಲಿರುಬಿನ್ ಮಾತ್ರ. ಬಜೆ ತೇಯ್ದು ನೆಕ್ಕಿಸುವುದು, ಇಲ್ಲಿನವರ ಬಾಳಗುಟಿ (ಕೂಸಿಗೆ ತೇಯ್ದು ಕೊಡುವ ಗಿಡಮೂಲಿಕೆ), ಜೇನುತುಪ್ಪ ಇವೆಲ್ಲ ಪೆಟ್ಟು ತಿಂದ ಲಿವರಿನ ಕೂಸಿಗೆ ಸಲ್ಲ. ಅಜ್ಜಿಯಂದಿರಿಗೆ ಬೇಡ ಎಂದಷ್ಟೇ ಹೇಳಿ ಸುಮ್ಮನಾದರೆ ಅವರು ಕದ್ದು ಕೊಡುತ್ತಾರೆ. ಅದರ ಬದಲು ದಿನವೂ ಲಂಗೋಟಿ ನೋಡಿ ಬಣ್ಣ ಹೇಳುವ ಕೆಲಸ ಅವರಿಗೇ ವಹಿಸಿದರೆ ಅವರಷ್ಟು ಸೂಕ್ಷ್ಮವಾಗಿ ನೋಡುವವರು ಇನ್ನೊಬ್ಬರಿಲ್ಲ. ಅನುಮಾನ ಬಂದ ದಿನ ಫೋಟೋ ತೆಗೆದಿಡಿ. ಟ್ಯೂಬ್‌ಲೈಟಿನಡಿ ಬಣ್ಣ ಸುಳ್ಳು ಹೇಳುತ್ತದೆ, ಕಿಟಕಿಯ ಹಗಲು ಬೆಳಕಿಗೆ ಹಿಡಿದು, ಪಕ್ಕದಲ್ಲಿ ಬಿಳೀ ಕಾಗದ ಇಟ್ಟು ತೆಗೆಯಿರಿ. ಆ ಲಂಗೋಟಿಯನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಓಪಿಡಿಗೆ ತನ್ನಿ.